ಒಂಟಿ ಕಾಲಲ್ಲಿ ನಿಂತ ವೀರಗಾಸೆ ಆಕೃತಿ: ಪಾಲಿಮರ್ ಕ್ಲೇ ಒಳಗಿನ ತಂತಿ ಹಂದರ ಹೇಗಿರಬೇಕು?

ಕಡೂರು ಕೈಗೆಲಸ:

ಎಲ್ಲರಿಗೂ ನಮಸ್ಕಾರ. ಪಾಲಿಮರ್ ಕ್ಲೇಯಲ್ಲಿ (ಓವನ್ನಿನಲ್ಲಿ ಬೇಯಿಸಿ ಗಟ್ಟಿ ಮಾಡುವ ಪ್ಲಾಸ್ಟಿಕ್ ಮಣ್ಣು) ವೀರಗಾಸೆ ಕುಣಿಯುವವರ ಒಂದು ಆಕೃತಿ ಮಾಡಲು ಹೊರಟಿದ್ದೇನೆ. ಬಲಗಾಲು ನೆಲದ ಮೇಲೆ, ಮಂಡಿ ಸ್ವಲ್ಪ ಬಾಗಿದೆ. ಎಡಗಾಲು ಮಡಚಿ ಮುಂದಕ್ಕೆ ಎತ್ತಿದೆ, ತೊಡೆ ಹೆಚ್ಚುಕಡಿಮೆ ನೆಲಕ್ಕೆ ಸಮನಾಗಿದೆ. ಬಲಗೈಯ ಖಡ್ಗ ತಲೆಗಿಂತ ಮೇಲೆ, ಎಡಗೈ ಪಕ್ಕಕ್ಕೆ ಚಾಚಿದೆ. ಮೈಮೇಲೆ ಎದೆಹಲಗೆ, ರುದ್ರಾಕ್ಷಿ, ಸೊಂಟಪಟ್ಟಿ, ಕಾಲಿಗೆ ಗೆಜ್ಜೆ, ತಲೆಗೆ ಕಿರೀಟ, ಅದರ ಹಿಂದೆ ಬಿಳಿ ಚೌರಿ. ಅಂದರೆ ಮೇಲ್ಭಾಗದಲ್ಲಿ ತೂಕ ಹೆಚ್ಚು, ಕೆಳಗೆ ಆಧಾರ ಒಂದೇ ಪಾದ.

ಎತ್ತರ ಸುಮಾರು 30 ಸೆಂ.ಮೀ. ಅಂದುಕೊಂಡಿದ್ದೇನೆ. ಸೂಪರ್ ಸ್ಕಲ್ಪಿ ಬ್ರ್ಯಾಂಡಿನ ಕ್ಲೇ 454 ಗ್ರಾಂ ಡಬ್ಬ ಒಂದಿದೆ. ಓಟಿಜಿಯ (ಕರೆಂಟಿನ ಚಿಕ್ಕ ಓವನ್) ಒಳ ಅಳತೆ: ಜಾಲರಿ ತೆಗೆದರೆ ಎತ್ತರ 24, ಅಗಲ 34, ಆಳ 30 ಸೆಂ.ಮೀ. ಇಲ್ಲಿ ಹಾರ್ಡ್‌ವೇರ್ ಅಂಗಡಿಯಲ್ಲಿ ಕಂಬಿ ಕಟ್ಟುವ ಬೈಂಡಿಂಗ್ ವೈರ್, ಜಿಐ ತಂತಿ (ಸತು ಲೇಪದ ಕಬ್ಬಿಣದ ತಂತಿ) ಎರಡೂ ಸಿಗುತ್ತವೆ. ಅಲ್ಯೂಮಿನಿಯಂ ತಂತಿ ಆನ್‌ಲೈನ್‌ನಲ್ಲಿ ತರಿಸಬೇಕು.

ಕೇಳಬೇಕಾದದ್ದು ಇಷ್ಟು: ಯಾವ ತಂತಿ, ಎಷ್ಟು ದಪ್ಪ, ಎಷ್ಟು ಉದ್ದ? ಒಂದೇ ಪಾದವನ್ನು ಪೀಠಕ್ಕೆ ಅಲುಗಾಡದ ಹಾಗೆ ಹೇಗೆ ಕೂರಿಸುವುದು? ತೂಕ ಇಳಿಸಲು ಒಳಗೆ ಥರ್ಮಕೋಲ್ ಇಡಬಹುದಾ? ಎಂ-ಸೀಲ್ ಓವನ್ನಿನ ಬಿಸಿ ತಡೆಯುತ್ತಾ? ಗೊತ್ತಿರುವವರು ಅಳತೆ ಸಮೇತ ಹೇಳಿದರೆ ಉಪಕಾರವಾಗುತ್ತೆ.

ಹಾಸನದ ಹಂದರ:

ಕಡೂರಿನವರೇ, ತಂತಿ ಕೊಳ್ಳುವ ಮೊದಲು ಓಟಿಜಿ ಲೆಕ್ಕ ಮುಗಿಸಿ. ಆಕೃತಿಯ ಎತ್ತರ ತೀರ್ಮಾನ ಮಾಡೋದು ನಾವಲ್ಲ, ಓವನ್ನು. ಮೇಲಿನ ಕಾಯಿಲ್, ಕೆಳಗಿನ ಕಾಯಿಲ್ ಎರಡರಿಂದಲೂ ಕ್ಲೇ ಕಡೇಪಕ್ಷ 4 ಸೆಂ.ಮೀ. ದೂರ ಇರಬೇಕು. ನಿಮ್ಮ 24ರಲ್ಲಿ 8 ಅದಕ್ಕೇ ಹೋಯಿತು, ಪೀಠದ ಹಲಗೆಗೆ ಹತ್ತಿರ ಹತ್ತಿರ 2. ಉಳಿದದ್ದು 14. ನಿಲ್ಲಿಸಿ ಬೇಯಿಸುವುದಾದರೆ 14 ಸೆಂ.ಮೀ. ದಾಟುವ ಹಾಗಿಲ್ಲ.

ಆದರೆ ಅಗಲ 34 ಇದೆ, ಅದನ್ನು ಬಳಸಿಕೊಳ್ಳಿ. ಅಡ್ಡ ಮಲಗಿಸಿ ಬೇಯಿಸುವ ಹಾಗೆ ಹಂದರವನ್ನೇ ಕಟ್ಟಿ. ನೆತ್ತಿಯಿಂದ 4 ಸೆಂ.ಮೀ. ತಂತಿ ಹೊರಗೆ ಬಿಡಿ. ಬೇಯಿಸುವಾಗ ಒಂದು ಕಡೆ ಪೀಠದ ಹಲಗೆ ಅಂಚಿನ ಮೇಲೆ ನಿಲ್ಲುತ್ತೆ, ಇನ್ನೊಂದು ಕಡೆ ನೆತ್ತಿಯ ತಂತಿ ಒಂದು ತಗಡಿನ ಡಬ್ಬದ ಮೇಲೆ ಕೂರುತ್ತೆ. ಎರಡರ ಮಧ್ಯೆ ಆಕೃತಿ ತೊಟ್ಟಿಲಿನ ಹಾಗೆ ತೂಗುತ್ತೆ, ಹಸಿ ಕ್ಲೇ ಯಾವುದಕ್ಕೂ ತಾಗಲ್ಲ. ಪೀಠ 15×15 ಇದ್ದರೆ ಡಬ್ಬದ ಎತ್ತರ 7ರಿಂದ 8 ಸೆಂ.ಮೀ. ಸರಿಹೋಗುತ್ತೆ. ಬೆನ್ನು ಕೆಳಗೆ, ಎತ್ತಿದ ಕಾಲು ಮೇಲೆ ಬರಲಿ. ಖಡ್ಗ, ಕಿರೀಟ ಎರಡನ್ನೂ ಬೇರೆಯಾಗಿ ಮಾಡಿ ಆಮೇಲೆ ಕೂರಿಸಿ. ನೆತ್ತಿಯ ಆ ತಂತಿಯೇ ಕಿರೀಟಕ್ಕೆ ಗೂಟವಾಗುತ್ತೆ.

ಇನ್ನು ತಂತಿ. ಬೈಂಡಿಂಗ್ ವೈರ್ ಅಂದರೆ ಕಾಯಿಸಿ ಮೆದು ಮಾಡಿದ ಕಬ್ಬಿಣ, ಸಾಮಾನ್ಯವಾಗಿ 18ರಿಂದ 20 ಗೇಜ್. ಸುತ್ತಲು, ಕಟ್ಟಲು ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಭಾರ ಹೊರಲು ಬರಲ್ಲ, ನಾಲ್ಕು ಎಳೆ ಹೊಸೆದರೂ ಅಲುಗಾಡುತ್ತೆ. ಅದರ ಮೇಲೆ ಎಣ್ಣೆ, ಕಪ್ಪು ಇರುತ್ತೆ. ತಿನ್ನರ್ ಹಾಕಿದ ಬಟ್ಟೆಯಲ್ಲಿ ಒರೆಸದಿದ್ದರೆ ತೆಳು ಬಣ್ಣದ ಕ್ಲೇಗೆ ಕಲೆ ಹತ್ತುತ್ತೆ.

ನೆಲದ ಮೇಲಿರುವ ಕಾಲಿಗೆ 10 ಗೇಜ್ ಜಿಐ ತಂತಿ ತನ್ನಿ, ದಪ್ಪ ಸುಮಾರು 3.2 ಮಿ.ಮೀ. ಒಂದೇ ತುಂಡು ಪೀಠದ ಅಡಿಯಿಂದ ನೆತ್ತಿಯ ತನಕ ಹೋಗಬೇಕು, ಮಧ್ಯೆ ಎಲ್ಲೂ ಜೋಡಣೆ ಇರಬಾರದು. ಉದ್ದದ ಲೆಕ್ಕ: ಪೀಠದ ಅಡಿಯ ಮಡಿಕೆ 4, ಹಲಗೆಯ ದಪ್ಪ 1.8, ಕಾಲು 14, ಮುಂಡ 9, ಕುತ್ತಿಗೆ 1, ತಲೆ 4, ನೆತ್ತಿಯ ಗೂಟ 4. ಎಲ್ಲ ಸೇರಿ ಸುಮಾರು 38. ಬಾಗುಗಳಿಗೆ ಸೇರಿಸಿ 42 ಸೆಂ.ಮೀ. ಕತ್ತರಿಸಿ. ಜಿಐ ಮೇಲಿನ ಸತುವಿನ ಲೇಪ 130 ಡಿಗ್ರಿಗೆ ಏನೂ ಆಗಲ್ಲ, ಸತು ಕರಗೋದೇ 419 ಡಿಗ್ರಿಯ ಹತ್ತಿರ. ಹೊಗೆ ಬರುತ್ತೆ ಅನ್ನೋ ಭಯ ಬೇಡ.

ಎತ್ತಿದ ಎಡಗಾಲು ಏನೂ ಹೊರಲ್ಲ, ತನ್ನ ಭಾರವನ್ನಷ್ಟೇ ಹಿಡಿಯಬೇಕು. ಅದಕ್ಕೆ 3 ಮಿ.ಮೀ. ಅಲ್ಯೂಮಿನಿಯಂ 30 ಸೆಂ.ಮೀ. ಸಾಕು. ಪಾದದಿಂದ ಸೊಂಟಕ್ಕೆ ಬಂದು, ಅಲ್ಲಿಂದ ಜಿಐ ತಂತಿಯ ಪಕ್ಕದಲ್ಲೇ ಕುತ್ತಿಗೆಯ ಬುಡದ ತನಕ ಏರಲಿ. ಕೈಗಳಿಗೆ 2 ಮಿ.ಮೀ. ಅಲ್ಯೂಮಿನಿಯಂ 70 ಸೆಂ.ಮೀ. ತಗೊಂಡು ಎರಡು ಮಡಿಕೆ ಮಾಡಿ ಹೊಸೆಯಿರಿ. ಎರಡು ತುದಿ ಬೆಂಚ್ ವೈಸ್‌ನಲ್ಲಿ, ಮಡಿಕೆಯ ಕುಣಿಕೆ ಡ್ರಿಲ್‌ನ ಕೊಕ್ಕೆಯಲ್ಲಿ. ಮೆಲ್ಲಗೆ ತಿರುಗಿಸಿ, ಸೆಂಟಿಮೀಟರಿಗೆ ಒಂದು ಸುತ್ತು ಬಂದರೆ ನಿಲ್ಲಿಸಿ. ಅತಿಯಾಗಿ ಹೊಸೆದ ಅಲ್ಯೂಮಿನಿಯಂ ಪೆಡಸಾಗಿ ಬಾಗುವಲ್ಲೇ ಮುರಿಯುತ್ತೆ. ಹಾಗೇ ಮೊಣಕೈಯನ್ನು ಒಂದೇ ಜಾಗದಲ್ಲಿ ಹಿಂದೆ ಮುಂದೆ ಬಗ್ಗಿಸುತ್ತಾ ಕೂರಬೇಡಿ. ಭಂಗಿಯನ್ನು ಕಾಗದದ ಮೇಲೆ ತೀರ್ಮಾನಿಸಿ, ತಂತಿಯನ್ನು ಒಮ್ಮೆ ಬಗ್ಗಿಸಿ ಬಿಟ್ಟುಬಿಡಿ.

ಬೆರಳುಗಳಿಗೆ ಪಂಪ್‌ಸೆಟ್ ಮೋಟರ್ ರಿವೈಂಡಿಂಗ್ ಮಾಡುವ ಅಂಗಡಿಗೆ ಹೋಗಿ, 24 ಗೇಜ್ ತಾಮ್ರದ ತಂತಿ ಕೇಳಿ. ತೂಕದ ಲೆಕ್ಕದಲ್ಲಿ ಕೊಡ್ತಾರೆ, ಸ್ವಲ್ಪವೇ ಸಾಕು. ಬೆರಳಿಗೊಂದು ಎರಡೆಳೆ ಹೊಸೆದ ತುಂಡು, ಐದನ್ನೂ ಮಣಿಕಟ್ಟಿನಲ್ಲಿ ಕಟ್ಟಿ. ಮೇಲಿನ ವಾರ್ನಿಷ್ ನುಣುಪಾಗಿರುತ್ತೆ, ಕ್ಲೇ ಜಾರುತ್ತೆ. ಎಮರಿ ಪೇಪರ್‌ನಲ್ಲಿ ಒಂದೆರಡು ಸಲ ಉಜ್ಜಿಕೊಳ್ಳಿ.

ಪೀಠಕ್ಕೆ 18 ಮಿ.ಮೀ. ಪ್ಲೈವುಡ್, 15×15 ಸೆಂ.ಮೀ. ಪಾದ ಬರುವ ಜಾಗದಲ್ಲಿ 3.5 ಮಿ.ಮೀ. ಬಿಟ್‌ನಿಂದ ಆರಪಾರ ತೂತು. ದುಂಡು ತೂತಿನಲ್ಲಿ ದುಂಡು ತಂತಿ ಎಷ್ಟೇ ಬಿಗಿಯಾಗಿದ್ದರೂ ತಿರುಗುತ್ತೆ. ಪಾದದ ಹತ್ತಿರ ಬರುವ ಬಿರುಕುಗಳಿಗೆ ಬಹುಪಾಲು ಈ ತಿರುಗುವಿಕೆಯೇ ಕಾರಣ. ಆದ್ದರಿಂದ ಹಲಗೆಯ ಅಡಿಯಲ್ಲಿ 4 ಸೆಂ.ಮೀ. ಉದ್ದದ, ತಂತಿ ಮುಳುಗುವಷ್ಟು ಆಳದ ಒಂದು ಗಾಡಿ (ಉದ್ದನೆಯ ತಗ್ಗು) ಕೊರೆಯಿರಿ. ತಂತಿಯನ್ನು ಎಲ್ ಆಕಾರಕ್ಕೆ ಬಗ್ಗಿಸಿ ಆ ಗಾಡಿಯಲ್ಲಿ ಕೂರಿಸಿ, ಎರಡು ಯು ಮೊಳೆ ಹೊಡೆದು, ಮೇಲೆ ಎಂ-ಸೀಲ್ ತುಂಬಿ ಮಟ್ಟ ಮಾಡಿ. ರಾತ್ರಿಯಿಡೀ ಬಿಡಿ.

ಹಂದರ ಮುಗಿದ ಮೇಲೆ, ಮೈ ತುಂಬಲು ಅಲ್ಯೂಮಿನಿಯಂ ಫಾಯಿಲ್ ಸುತ್ತುವ ಮೊದಲು ಒಂದು ಪರೀಕ್ಷೆ. ಕ್ಲೇ, ಫಾಯಿಲ್ ಎಲ್ಲ ಸೇರಿ ನಿಮ್ಮ ಆಕೃತಿ 400 ಗ್ರಾಂ ಆಸುಪಾಸು ತೂಗುತ್ತೆ. ಅರ್ಧ ಲೀಟರ್ ಹಾಲಿನ ಪ್ಯಾಕೆಟ್ಟೂ ಹೆಚ್ಚುಕಡಿಮೆ ಅಷ್ಟೇ, ಸ್ವಲ್ಪ ಜಾಸ್ತಿ. ಅದನ್ನು ಒಂದು ಚೀಲದಲ್ಲಿ ಹಾಕಿ ಎದೆಯ ಮಟ್ಟದಲ್ಲಿ ತಂತಿಗೆ ತೂಗುಹಾಕಿ, ಪೀಠವನ್ನು ಹಿಡಿದು ಮೆಲ್ಲಗೆ ಆಡಿಸಿ. ನೆತ್ತಿ ಒಂದೆರಡು ಮಿಲಿಮೀಟರ್ ಅಲುಗಿ ನಿಂತರೆ ಸರಿ. ತೂಗಾಡುತ್ತಲೇ ಇದ್ದರೆ, ಅಥವಾ ಎಲ್ಲಾದರೂ ಟಿಕ್ ಅಂತ ಸದ್ದು ಬಂದರೆ, ಕ್ಲೇ ಹಚ್ಚಬೇಡಿ. ಕಟ್ಟು ಎಲ್ಲಿ ಸಡಿಲ ಅಂತ ಹುಡುಕಿ. ಒಳಗೆ ಅಲುಗುವ ತಂತಿಯ ಮೇಲೆ ಎಂಥ ಒಳ್ಳೆ ಕ್ಲೇ ಹಾಕಿದರೂ ಬಿರುಕು ಬಿಟ್ಟೇ ಬಿಡುತ್ತೆ.

ಎಸ್ಟೇಟ್ ಮಣ್ಣು, ಮೂಡಿಗೆರೆ:

ಹಂದರದವರು ಹೇಳಿದ್ದು ಗಟ್ಟಿ ದಾರಿ. ಆದರೆ 10 ಗೇಜ್ ಜಿಐ ಬರೀ ಪ್ಲೈಯರ್‌ನಲ್ಲಿ ಬಗ್ಗಲ್ಲ ಸರ್. ಬೆಂಚ್ ವೈಸ್ ಇಲ್ಲದ ಮನೆಯಲ್ಲಿ ಮಂಡಿಯ ಬಾಗು ಎಲ್ಲೋ ಒಂದು ಕಡೆ ಬಂದು ಕೂರುತ್ತೆ, ಆಮೇಲೆ ಕಾಲಿನ ಅಳತೆಯೇ ಕೆಡುತ್ತೆ. ವೈಸ್ ಇಲ್ಲದವರಿಗೆ ಇನ್ನೊಂದು ದಾರಿ ಇದೆ: ಪೂರ್ತಿ ಹಂದರ 3 ಮಿ.ಮೀ. ಅಲ್ಯೂಮಿನಿಯಂನಲ್ಲಿ ಮಾಡಿ, ನಿಂತ ಕಾಲಿಗೆ ಮಾತ್ರ ಸೈಕಲ್ ಸ್ಪೋಕ್ ಕಡ್ಡಿ ಜೊತೆಗಟ್ಟಿ. ಸ್ಪೋಕ್ ಸುಮಾರು 2 ಮಿ.ಮೀ. ಉಕ್ಕು, ತೆಳ್ಳಗಿದ್ದರೂ ಪುಟಿಯುವ ಗಟ್ಟಿತನ ಇದೆ. ಸೈಕಲ್ ರಿಪೇರಿ ಅಂಗಡಿಯಲ್ಲಿ ಹಳೇದು ಕೇಳಿದರೂ ಕೊಡ್ತಾರೆ. ತುಕ್ಕು ಹಿಡಿದದ್ದು ಬೇಡ.

ಜೊತೆಗಟ್ಟುವ ಕ್ರಮ ಮುಖ್ಯ. ಪೀಠದಿಂದ ಮಂಡಿಗೆ ಒಂದು ಕಡ್ಡಿ, ಮಂಡಿಯಿಂದ ಸೊಂಟಕ್ಕೆ ಇನ್ನೊಂದು ಅಂತ ಎರಡು ತುಂಡು ಮಾಡಿದರೆ ಮಂಡಿ ಕೀಲಿನ ಹಾಗೆ ಆಡುತ್ತೆ. ಒಂದೇ ಕಡ್ಡಿಯನ್ನು ಮಂಡಿಯಲ್ಲಿ ಬಗ್ಗಿಸಿ, ಪೀಠದ ಒಳಗಿಂದ ಹೊಟ್ಟೆಯ ಮಟ್ಟದ ತನಕ ಒಯ್ಯಿರಿ. 20 ಗೇಜ್ ಬೈಂಡಿಂಗ್ ವೈರ್‌ನಿಂದ ಎರಡನ್ನೂ ಸುತ್ತಿಗೆ ಸುತ್ತು ತಾಗುವ ಹಾಗೆ ಬಿಗಿಯಾಗಿ ಸುತ್ತಿ. ಸುತ್ತು ಬಿಗಿಯಾದ ಮೇಲೆ ಕಾಣುವ ಸಂದುಗಳಿಗೆ ತೆಳ್ಳಗೆ ಎಂ-ಸೀಲ್ ತಿಕ್ಕಿ.

ಎಂ-ಸೀಲ್ ಬಗ್ಗೆ ಕೇಳಿದ್ದಿರಿ. ಎರಡು ಭಾಗ ಸಮ ಸಮ ಕಲಸಿ ಗಟ್ಟಿಯಾದ ಎಪಾಕ್ಸಿ ಓವನ್ ಬಿಸಿಗೆ ಕರಗಲ್ಲ, ಆದರೆ ಬಿಸಿ ಇರುವಷ್ಟು ಹೊತ್ತು ಸ್ವಲ್ಪ ಮೆತ್ತಗಾಗುತ್ತೆ, ಆರಿದ ಮೇಲೆ ಮತ್ತೆ ಬಿಗಿಯುತ್ತೆ. ಆದ್ದರಿಂದ ಬಲವೆಲ್ಲ ತಂತಿಯ ಕಟ್ಟಿನಲ್ಲಿರಲಿ, ಎಂ-ಸೀಲ್ ಕಟ್ಟು ಜಾರದ ಹಾಗೆ ಹಿಡಿಯಲಿ ಸಾಕು. ಎಂ-ಸೀಲ್ ಒಂದನ್ನೇ ನಂಬಿ ತಂತಿಗೆ ತಂತಿ ಅಂಟಿಸಿದರೆ ಓವನ್ನಿನಲ್ಲೇ ಕೈ ಕೆಳಗೆ ಜೋತುಬೀಳುತ್ತೆ.

ಥರ್ಮಕೋಲ್ ಖಂಡಿತ ಬೇಡ. ನೂರು ಡಿಗ್ರಿ ಆಸುಪಾಸಿನಲ್ಲೇ ಕುಗ್ಗಿ ಮುದ್ದೆಯಾಗುತ್ತೆ, ಒಳಗೆ ಟೊಳ್ಳು ಬಿದ್ದು ಮೇಲಿನ ಕ್ಲೇ ಕುಸಿಯುತ್ತೆ. ಗ್ಲೂ ಗನ್ ಅಂಟೂ ಹಾಗೇ, ಅದು ಕರಗಿ ಹೊರಗೇ ಬರುತ್ತೆ.

ನಮ್ಮ ಮಲೆನಾಡಿನ ಕಡೆಯವರಿಗೆ ಇನ್ನೊಂದು ಮಾತು. ಮಳೆಗಾಲದಲ್ಲಿ ಪ್ಲೈವುಡ್ ತೇವ ಕುಡಿದಿರುತ್ತೆ. ಹಾಗೇ ಓವನ್ನಿಗಿಟ್ಟರೆ ಸೊಟ್ಟಗಾಗುತ್ತೆ, ಪಾದದ ಕೆಳಗೆ ಆವಿ ಹೊರಟು ಕ್ಲೇ ಎದ್ದುಬರುತ್ತೆ. ತಂತಿ ಕೂರಿಸುವ ಮೊದಲೇ ಬರೀ ಹಲಗೆಯನ್ನು 100 ಡಿಗ್ರಿಯಲ್ಲಿ ಅರ್ಧ ಗಂಟೆ ಒಣಗಿಸಿ, ಆರಿಸಿ, ಸೊಟ್ಟಗಾಗಿದ್ದರೆ ಬೇರೆ ಹಲಗೆ ತಗೊಳ್ಳಿ. ಪಾಲಿಮರ್ ಕ್ಲೇಯಲ್ಲಿ ನೀರಿಲ್ಲ, ಹಾಗಾಗಿ ಜೇಡಿಮಣ್ಣಿನ ಹಾಗೆ ಒಳಗಿನ ಕಬ್ಬಿಣ ತುಕ್ಕು ಹಿಡಿಯಲ್ಲ. ಆದರೆ ಕಟ್ಟಿಟ್ಟ ಹಂದರವನ್ನು ಆಷಾಢದಲ್ಲಿ ವಾರಗಟ್ಟಲೆ ಹಾಗೇ ಬಿಟ್ಟರೆ ಕ್ಲೇ ಹಚ್ಚುವ ಮೊದಲೇ ಬೈಂಡಿಂಗ್ ವೈರ್ ಕೆಂಪಾಗಿರುತ್ತೆ.

ಬಳಪದಕಲ್ಲು, ಬೇಲೂರು:

ತಂತಿಯ ಬಗ್ಗೆ ಮೇಲಿನ ಇಬ್ಬರೂ ಹೇಳಿದ್ದಾರೆ. ಅದನ್ನು ಬಗ್ಗಿಸುವ ಮೊದಲಿನ ಕೆಲಸ ಅಳತೆ. 42 ಸೆಂ.ಮೀ. ತಂತಿಯಲ್ಲಿ ಮಂಡಿ ಎಲ್ಲಿ, ಸೊಂಟ ಎಲ್ಲಿ ಎಂಬುದು ಮೊದಲೇ ಗುರುತಾಗಿರಬೇಕು. ಶಿಲ್ಪದವರ ನವತಾಲದ ಲೆಕ್ಕ, ಅಂದರೆ ಮುಖದ ಒಂಬತ್ತು ಪಟ್ಟು ಎತ್ತರ ಎಂಬ ಲೆಕ್ಕ, ಇದಕ್ಕೆ ತುಂಬ ಅನುಕೂಲ. ಒಟ್ಟು 108 ಅಂಗುಲ, ಮುಖ 12. ನೀವು ಒಂದು ಅಂಗುಲಕ್ಕೆ 2.5 ಮಿ.ಮೀ. ಇಟ್ಟುಕೊಳ್ಳಿ, ಪಾದದಿಂದ ಹಣೆಯ ಕೂದಲಂಚಿಗೆ 27 ಸೆಂ.ಮೀ. ಆಯಿತು. ಹಂದರದವರು ಕೊಟ್ಟ ಉದ್ದಗಳೂ ಈ ಲೆಕ್ಕಕ್ಕೇ ಹೊಂದುತ್ತವೆ.

ಪ್ರಚಲಿತ ಹಂಚಿಕೆ ಹೀಗಿದೆ. ಮುಖ 12 ಅಂಗುಲ, ಅಂದರೆ 30 ಮಿ.ಮೀ. ಕುತ್ತಿಗೆ 4, ಅಂದರೆ 10. ಕುತ್ತಿಗೆಯ ಬುಡದಿಂದ ಎದೆಗೆ 12, ಎದೆಯಿಂದ ಹೊಕ್ಕಳಿಗೆ 12, ಹೊಕ್ಕಳಿನಿಂದ ತೊಡೆಸಂದಿಗೆ 12. ಈ ಮೂರೂ 30 ಮಿ.ಮೀ. ತೊಡೆ 24, ಅಂದರೆ 60. ಮಂಡಿ 4, ಅಂದರೆ 10. ಕಣಕಾಲು 24, ಅಂದರೆ 60. ಪಾದದ ಎತ್ತರ 4, ಅಂದರೆ 10. ಕೂಡಿ ನೋಡಿ, 270 ಬರುತ್ತದೆ. ನೆತ್ತಿ ಇದರ ಮೇಲೆ ಇನ್ನೊಂದು ಸೆಂಟಿಮೀಟರ್.

ಇಲ್ಲಿ ಬಹಳ ಜನ ಎಡವುವ ಒಂದು ಜಾಗವಿದೆ. ಒಂಬತ್ತು ಪಾಲಿನಲ್ಲಿ ಒಂದು ಪಾಲು ಎಂದರೆ ಗಲ್ಲದಿಂದ ಕೂದಲಂಚಿನವರೆಗಿನ ಮುಖ ಮಾತ್ರ, ಇಡೀ ತಲೆಯಲ್ಲ. ತಲೆಯನ್ನೇ 30 ಮಿ.ಮೀ.ಗೆ ಮುಗಿಸಿದರೆ ತಲೆ ಚಿಕ್ಕದಾಗಿ, ಮೇಲೆ ದೊಡ್ಡ ಕಿರೀಟ ಕೂತು ಆಕೃತಿ ಕೆಡುತ್ತದೆ. ಗಲ್ಲದಿಂದ ನೆತ್ತಿಗೆ 40 ಮಿ.ಮೀ. ಬರಲಿ. ಕೈಗಳಿಗೆ ಸುಲಭದ ಗುರುತು: ಕೈ ಇಳಿಬಿಟ್ಟಾಗ ಮೊಣಕೈ ಹೊಕ್ಕಳಿನ ಆಸುಪಾಸಿಗೆ, ಮಣಿಕಟ್ಟು ತೊಡೆಸಂದಿನ ಮಟ್ಟಕ್ಕೆ ಬರಬೇಕು. ಮೊದಲು ಎರಡೂ ಕೈ ಇಳಿಬಿಟ್ಟ ಹಾಗೆ ಅಳೆದು ತಂತಿಯ ಮೇಲೆ ಮಾರ್ಕರ್‌ನಲ್ಲಿ ಗುರುತು ಹಾಕಿ, ಆಮೇಲೆ ಭಂಗಿಗೆ ಎತ್ತಿ. ಎತ್ತಿದ ಮೇಲೆ ಅಳೆಯಲು ಹೋದರೆ ಒಂದು ಕೈ ಉದ್ದವಾಗಿರುತ್ತದೆ.

ಎದುರಿನಿಂದ ಒಂದು, ಪಕ್ಕದಿಂದ ಒಂದು ಚಿತ್ರವನ್ನು ಆಕೃತಿಯ ಅಳತೆಯಲ್ಲೇ ಬರೆದುಕೊಂಡು ಗೋಡೆಗೆ ಅಂಟಿಸಿ. ಎರಡು ಚಿತ್ರದಲ್ಲೂ ಕುತ್ತಿಗೆಯ ಗುಳಿಯಿಂದ ನೇರ ಕೆಳಗೆ ಒಂದು ಗೆರೆ ಎಳೆಯಿರಿ. ಗಾರೆಯವರ ತೂಗುಗುಂಡಿನ ಗೆರೆ ಅದು. ಶಿಲ್ಪದಲ್ಲಿ ನಡುವಿನ ಈ ಸೂತ್ರಕ್ಕೆ ಬ್ರಹ್ಮಸೂತ್ರ ಎನ್ನುತ್ತಾರೆ. ಒಂಟಿ ಕಾಲಿನ ಭಂಗಿಯಲ್ಲಿ ಆ ಗೆರೆ ನಿಂತ ಪಾದದ ಮೇಲೆಯೇ ಬೀಳಬೇಕು, ಹಿಮ್ಮಡಿಗೂ ಬೆರಳುಗಳಿಗೂ ನಡುವೆ. ನಿಮ್ಮ ಆಕೃತಿಯಲ್ಲಿ ಎಡತೊಡೆ ಮುಂದಕ್ಕೆ ಬಂದಿದೆ, ಎಡಗೈ ಪಕ್ಕಕ್ಕೆ ಹೋಗಿದೆ. ಆದ್ದರಿಂದ ಸೊಂಟವನ್ನು ಬಲಕ್ಕೆ, ಅಂದರೆ ನಿಂತ ಪಾದದ ಮೇಲಕ್ಕೆ ತಳ್ಳಿ. ಮುಂಡ ಒಂದಿಷ್ಟು ಹಿಂದಕ್ಕೆ ವಾಲಲಿ. ಪೀಠ ಗಟ್ಟಿಯಾಗಿದ್ದರೆ ಬೀಳುವುದಿಲ್ಲವಲ್ಲ ಎಂದು ಇದನ್ನು ಬಿಡಬೇಡಿ. ತೂಕ ಗೆರೆಯಿಂದ ಆಚೆಗಿದ್ದರೆ ಪಾದದ ಹರಡಿನ ಮೇಲೆ ಸದಾ ಒಂದು ಎಳೆತ ಇರುತ್ತದೆ, ನೋಡುವವರ ಕಣ್ಣಿಗೂ ಆಕೃತಿ ಬೀಳುತ್ತಿರುವ ಹಾಗೆ ಕಾಣುತ್ತದೆ.

1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವನ ಗುಡಿಗೆ ಬಂದಾಗ ಮದನಿಕೆಯರನ್ನು ಈ ಕಣ್ಣಿನಿಂದ ಒಮ್ಮೆ ನೋಡಿ. ಎಷ್ಟೇ ಬಳುಕಿದ್ದರೂ ಬೆನ್ನ ಹಿಂದಿನ ಕಲ್ಲು, ತಲೆಯ ಮೇಲಿನ ಬಳ್ಳಿಯ ಚಪ್ಪರ, ಕಾಲಡಿಯ ಪೀಠ ಮೂರೂ ಒಂದೇ ಬಂಡೆ. ಚಾಚಿದ ಅಂಗಕ್ಕೆ ಆಸರೆಯಾಗಿ ಎಲ್ಲೋ ಒಂದು ಎಲೆಯನ್ನೋ ಬಳ್ಳಿಯನ್ನೋ ಬಿಟ್ಟಿರುತ್ತಾರೆ. ನಿಮ್ಮ ಆಕೃತಿಗೆ ಅಂಥ ಆಸರೆ ಹೊರಗೆ ಇಲ್ಲ, ಆ ಕೆಲಸವನ್ನೆಲ್ಲ ಒಳಗಿನ ತಂತಿ ಮಾಡಬೇಕು. ಬೇಕೆಂದರೆ ಒಂದು ಆಸರೆ ನೀವೂ ಪಡೆಯಬಹುದು: ಬೆನ್ನ ಹಿಂದೆ ಇಳಿಯುವ ವಸ್ತ್ರದ ಸೆರಗು ಪೀಠವನ್ನು ಮುಟ್ಟುವ ಹಾಗೆ ಮಾಡಿ ಅದರೊಳಗೊಂದು ತಂತಿ ಇಳಿಸಿದರೆ ಎರಡನೇ ಕಾಲು ಸಿಕ್ಕಿದಂತೆ. ಆದರೆ ವೀರಗಾಸೆಯ ಆ ನೆಗೆತ ಕಾಣಬೇಕಾದರೆ ಒಂಟಿ ಕಾಲೇ ಚೆಂದ ಎಂದು ನನ್ನ ಅಭಿಪ್ರಾಯ.

ಕಡೂರು ಕೈಗೆಲಸ:

ಎಲ್ಲರಿಗೂ ತುಂಬಾ ಧನ್ಯವಾದ. ಬೆಂಚ್ ವೈಸ್ ಇದೆ, ಹಾಗಾಗಿ ಜಿಐ ದಾರಿಯಲ್ಲೇ ಹೋಗುತ್ತೇನೆ. 27 ಸೆಂ.ಮೀ. ಲೆಕ್ಕವೂ ಅರ್ಥವಾಯಿತು. ಇನ್ನು ಫಾಯಿಲ್ ಎಲ್ಲೆಲ್ಲಿ ಎಷ್ಟು ದಪ್ಪ, ಕ್ಲೇ ಎಷ್ಟು ದಪ್ಪ, ಎಷ್ಟು ಹೊತ್ತು ಬೇಯಿಸಬೇಕು? ಮಧ್ಯದಲ್ಲಿ ಕರೆಂಟ್ ಹೋದರೆ ಏನು ಮಾಡಬೇಕು?

ಅರಸೀಕೆರೆ ಅಡುಗೆಮನೆ:

ಫಾಯಿಲ್ ಕೆಲಸಕ್ಕೆ ಬರೀ ತಂತಿ ಬಿಡಬೇಡಿ. ನುಣುಪು ತಂತಿಯ ಮೇಲೆ ಫಾಯಿಲ್ ಜಾರಿ ಸುತ್ತ ತಿರುಗುತ್ತೆ. ಎಲ್ಲ ತಂತಿಗೂ ಬೈಂಡಿಂಗ್ ವೈರ್ ಅನ್ನು ಅರ್ಧ ಸೆಂ.ಮೀ.ಗೆ ಒಂದು ಸುತ್ತಿನ ಹಾಗೆ ವಿರಳವಾಗಿ ಸುತ್ತಿ, ಆಮೇಲೆ ಫಾಯಿಲ್ ಹಿಡಿಯಿರಿ. ಅಡುಗೆಮನೆಯ ಸಾಧಾರಣ ಫಾಯಿಲ್ ಸಾಕು, 9 ಮೀಟರಿನ ಸುರುಳಿ ಒಂದು ಪೂರ್ತಿ ಹೋಗುತ್ತೆ, ಇನ್ನೊಂದು ಕೈಯಲ್ಲಿರಲಿ.

ದೊಡ್ಡ ಹಾಳೆ ಒಮ್ಮೆಗೇ ಮುದ್ದೆ ಮಾಡಿದರೆ ಒಳಗೆ ಗಾಳಿ ಉಳಿಯುತ್ತೆ. ಎರಡು ಬೆರಳಗಲದ ಪಟ್ಟಿ ಹರಿದು ಸುತ್ತುತ್ತಾ, ಪ್ರತಿ ಎರಡು ಮೂರು ಪಟ್ಟಿಗೊಮ್ಮೆ ಸ್ಟೀಲ್ ಚಮಚದ ಬೆನ್ನಿನಿಂದ ಬಲವಾಗಿ ಉಜ್ಜಿ. ಉಗುರಿನಿಂದ ಒತ್ತಿದರೆ ತಗ್ಗು ಬೀಳಬಾರದು, ಅಷ್ಟು ಗಟ್ಟಿ ಬೇಕು. ಒಳಗಿನ ಗಾಳಿ ಬಿಸಿಗೆ ಹಿಗ್ಗಿ ಗುಳ್ಳೆ ಏಳಿಸುತ್ತೆ, ಇಲ್ಲವೇ ತೆಳುವಾದ ಕಡೆ ಸೀಳಿ ಹೊರಬರುತ್ತೆ.

ಫಾಯಿಲ್ ತಿರುಳು ಕೊನೆಯ ಮೇಲ್ಮೈಗಿಂತ ಎಲ್ಲ ಕಡೆಯೂ 6 ಮಿ.ಮೀ. ಒಳಗಿರಲಿ. ನಿಮ್ಮ ಅಳತೆಗೆ ತೊಡೆಯ ದಪ್ಪ 30 ಮಿ.ಮೀ. ಹತ್ತಿರ ಬರುತ್ತೆ, ಅಲ್ಲಿ 18 ಮಿ.ಮೀ. ಫಾಯಿಲ್. ಮೀನಖಂಡ 17 ಇದ್ದರೆ ಫಾಯಿಲ್ 5 ಮಾತ್ರ, ತಂತಿಯ ಮೇಲೆ ಒಂದು ಪದರ ಅಷ್ಟೇ. ಪಾದದ ಹರಡು, ಮಣಿಕಟ್ಟು, ಕುತ್ತಿಗೆಗೆ ಫಾಯಿಲ್ ಬೇಡವೇ ಬೇಡ, ತಂತಿಯ ಮೇಲೆ ನೇರವಾಗಿ ಕ್ಲೇ. ಹರಡಿನ ದಪ್ಪ 10 ಮಿ.ಮೀ. ಅಂದರೆ 3.2ರ ತಂತಿ ಬಿಟ್ಟು ಸುತ್ತ ಮೂರೂವರೆ ಮಿ.ಮೀ. ಕ್ಲೇ ಉಳಿಯುತ್ತೆ. ಅಲ್ಲೇ ಗೆಜ್ಜೆಪಟ್ಟಿ ಬರುವುದರಿಂದ ಇನ್ನಷ್ಟು ದಪ್ಪ ಸಿಗುತ್ತೆ. ಎಲ್ಲಾ ಕಡೆ ದಪ್ಪ ಒಂದೇ ಸಮ ಇರೋದು ಮುಖ್ಯ. ಒಂದು ಕಡೆ 3, ಪಕ್ಕದಲ್ಲೇ 15 ಅಂತಾದರೆ ಆರುವಾಗ ಎರಡೂ ಬೇರೆ ಬೇರೆ ವೇಗದಲ್ಲಿ ಕುಗ್ಗಿ ನಡುವೆ ಸೀಳುತ್ತೆ.

ಈ ಅಳತೆಯ ಆಕೃತಿಯನ್ನು ಪೂರ್ತಿ ಕ್ಲೇಯಲ್ಲೇ ಮಾಡಿದರೆ ಸುಮಾರು ನಾನೂರೈವತ್ತು ಗ್ರಾಂ ಬೇಕು. ಫಾಯಿಲ್ ತಿರುಳು ಇದ್ದರೆ ಮೈಗೆ 250 ಗ್ರಾಂ ಒಳಗೇ ಮುಗಿಯುತ್ತೆ. ನಿಮ್ಮ ಒಂದು ಡಬ್ಬದಲ್ಲಿ ಕಿರೀಟ, ಆಭರಣಕ್ಕೂ ಆಗುತ್ತೆ.

ಕ್ಲೇಯನ್ನು ಚೆನ್ನಾಗಿ ನಾದಿ ಬೆಚ್ಚಗೆ ಮಾಡಿ, ಚಪಾತಿ ಲಟ್ಟಣಿಗೆಯಲ್ಲಿ 3 ಮಿ.ಮೀ. ಹಾಳೆ ಲಟ್ಟಿಸಿ. ಲಟ್ಟಣಿಗೆ ಈ ಕೆಲಸಕ್ಕೇ ಮೀಸಲಿಡಿ, ಮತ್ತೆ ಅಡುಗೆಗೆ ಬೇಡ. ಫಾಯಿಲ್ ಮೇಲೆ ಲಿಕ್ವಿಡ್ ಕ್ಲೇ (ದ್ರವರೂಪದ ಪಾಲಿಮರ್ ಕ್ಲೇ) ತೆಳ್ಳಗೆ ಸವರಿ, ಹಾಳೆಯನ್ನು ಒಂದು ಅಂಚಿನಿಂದ ಒತ್ತುತ್ತಾ ಹೋಗಿ, ಗಾಳಿ ಇನ್ನೊಂದು ಅಂಚಿನಿಂದ ಹೊರಗೆ ಹೋಗಲಿ. ಇದು ಮೊದಲ ಪದರ. ಇದನ್ನು ಹೀಗೇ ಒಮ್ಮೆ ಬೇಯಿಸಿಬಿಡಿ, 130 ಡಿಗ್ರಿ, 15 ನಿಮಿಷ. ಆರಿದ ಮೇಲೆ ಗಟ್ಟಿ ಮೈ ಸಿಗುತ್ತೆ, ಹಿಡಿದು ಕೆಲಸ ಮಾಡಿದರೆ ಬೆರಳಚ್ಚು ಬೀಳಲ್ಲ. ಅದರ ಮೇಲೆ ಸ್ನಾಯು, ಬಟ್ಟೆ, ಎದೆಹಲಗೆ, ರುದ್ರಾಕ್ಷಿ ಎಲ್ಲ ಎರಡನೇ ಸಲಕ್ಕೆ. ಪಾಲಿಮರ್ ಕ್ಲೇಯನ್ನು ಎಷ್ಟು ಸಲ ಬೇಕಾದರೂ ಬೇಯಿಸಬಹುದು, ಬಿಸಿ ಮೀರದಿದ್ದರೆ ಸಾಕು.

ಬಿಸಿ ಮೀರೋದೇ ಓಟಿಜಿಯ ರೋಗ. ಗುಂಡಿಯಲ್ಲಿ 130 ಇದ್ದರೂ ಒಳಗೆ ಹತ್ತಿಪ್ಪತ್ತು ಡಿಗ್ರಿ ಹೆಚ್ಚುಕಡಿಮೆ ಇರುತ್ತೆ. ಬೇಕರಿ ಸಾಮಾನಿನ ಅಂಗಡಿಯಲ್ಲಿ ಸಿಗುವ ಓವನ್ ಥರ್ಮಾಮೀಟರ್ ಒಂದನ್ನು ಆಕೃತಿಯ ಮಟ್ಟದಲ್ಲೇ ಇಡಿ, ಗುಂಡಿ ನಂಬಬೇಡಿ. ಮೊದಲು ಖಾಲಿ ಓವನ್ 20 ನಿಮಿಷ ಕಾಯಿಸಿ, ಮುಳ್ಳು 130ಕ್ಕೆ ನಿಂತ ಮೇಲೆ ಆಕೃತಿ ಒಳಗಿಡಿ. ಮೇಲೆ ಫಾಯಿಲ್‌ನ ಒಂದು ಗುಡಾರ ಸಡಿಲವಾಗಿ ಮುಚ್ಚಿ, ಮೇಲಿನ ಕಾಯಿಲ್‌ನ ನೇರ ಶಾಖಕ್ಕೆ ಎತ್ತಿದ ಮಂಡಿ ಕಂದಾಗೋದು ತಪ್ಪುತ್ತೆ. ಸೂಪರ್ ಸ್ಕಲ್ಪಿಗೆ 6 ಮಿ.ಮೀ. ದಪ್ಪಕ್ಕೆ 15 ನಿಮಿಷ ಅನ್ನೋದು ಲೆಕ್ಕ. ಕೊನೆಯ ಸಲ ನೀವು 30 ನಿಮಿಷ ಇಡಿ. ಹೊತ್ತು ಹೆಚ್ಚಾದರೆ ನಷ್ಟವಿಲ್ಲ, ಡಿಗ್ರಿ ಹೆಚ್ಚಾದರೆ ನಷ್ಟ. ಹೊತ್ತು ಕಡಿಮೆಯಾದರೆ ಹೊರಗೆ ಗಟ್ಟಿ ಕಂಡರೂ ಒಳಗೆ ಬಿಸ್ಕತ್ತಿನ ಹಾಗೆ ಪುಡಿಪುಡಿ.

ಬೇರೆ ಬ್ರ್ಯಾಂಡ್ ತಂದರೆ ಡಬ್ಬದ ಮೇಲಿನ ಡಿಗ್ರಿಯನ್ನೇ ನೋಡಿ. ಫಿಮೊಗೆ 110 ಡಿಗ್ರಿ, 30 ನಿಮಿಷ. ಎರಡು ಬ್ರ್ಯಾಂಡ್ ಒಂದೇ ಆಕೃತಿಯಲ್ಲಿ ಬೆರೆಸದಿದ್ದರೆ ಒಳ್ಳೆಯದು. ಮೈಕ್ರೋವೇವ್ ಬೇಡ, ಒಳಗೆ ತಂತಿ ಫಾಯಿಲ್ ಎರಡೂ ಇವೆ. ಈ ಕ್ಲೇಯ ಮೂಲ ಪಿವಿಸಿ, ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಹೊಗೆ ಬರುತ್ತೆ, ಕಣ್ಣು ಗಂಟಲು ಉರಿಯುತ್ತೆ. ಕಿಟಕಿ ತೆಗೆದಿರಿ, ಅದೇ ಹೊತ್ತಿಗೆ ಒಳಗೆ ಊಟದ ಪದಾರ್ಥ ಇಡಬೇಡಿ.

ಕರೆಂಟ್ ಹೋದರೆ ಬಾಗಿಲು ತೆಗೆಯಬೇಡಿ, ಆಕೃತಿ ಮುಟ್ಟಬೇಡಿ. ಬಿಸಿ ಇರುವಾಗ ಕ್ಲೇ ರಬ್ಬರಿನ ಹಾಗೆ ಮೆತ್ತಗಿರುತ್ತೆ, ಆಗ ಎತ್ತಿದರೆ ಕೈ ಬುಡದಲ್ಲೇ ಸೀಳುತ್ತೆ. ಕರೆಂಟ್ ಬಂದಾಗ ಮುಳ್ಳು ಮತ್ತೆ 130 ಮುಟ್ಟಿದ ಮೇಲೆ ಹೊಸದಾಗಿ ಪೂರ್ತಿ 30 ನಿಮಿಷ ಎಣಿಸಿ.

ಹಾಗೇ ಕಡೂರು, ಅರಸೀಕೆರೆ ಕಡೆಯ ಬೇಸಿಗೆಯಲ್ಲಿ ಹಸಿ ಕ್ಲೇಯನ್ನು ಶೀಟಿನ ಮನೆಯಲ್ಲೋ ಸ್ಕೂಟರ್ ಡಿಕ್ಕಿಯಲ್ಲೋ ಬಿಡಬೇಡಿ. ಅಲ್ಲಿಯ ಕಾವಿಗೇ ಅರ್ಧಂಬರ್ಧ ಬೆಂದು ಪುಡಿಯಾಗುತ್ತೆ.

ಹಾಸನದ ಹಂದರ:

ಅರಸೀಕೆರೆಯವರು ಬೇಯಿಸುವುದನ್ನು ಬಿಡಿಸಿ ಹೇಳಿದ್ದಾರೆ. ಆರಿಸುವುದರ ಬಗ್ಗೆ ಎರಡು ಮಾತು ಸೇರಿಸುತ್ತೇನೆ. ಹಂದರ ಇರುವ ಆಕೃತಿ ಬಿರುಕು ಬಿಡೋದು ಹೆಚ್ಚಾಗಿ ಬೇಯುವಾಗ ಅಲ್ಲ, ಆರುವಾಗ. ಬಿಸಿಗೆ ಕ್ಲೇ ಲೋಹಕ್ಕಿಂತ ಜಾಸ್ತಿ ಹಿಗ್ಗುತ್ತೆ, ಆರುವಾಗ ಅಷ್ಟೇ ಜಾಸ್ತಿ ಕುಗ್ಗಲು ನೋಡುತ್ತೆ. ಒಳಗಿನ ತಂತಿ, ಫಾಯಿಲ್ ಬಿಟ್ಟುಕೊಡಲ್ಲ. ಬೇಗ ಆರಿದರೆ ಹೊರಮೈ ಬಿಗಿದು ಸೀಳುತ್ತೆ. ಓವನ್ ಆಫ್ ಮಾಡಿ, ಬಾಗಿಲು ಮುಚ್ಚಿದ ಹಾಗೇ ಬಿಡಿ. ಮುಳ್ಳು 40ಕ್ಕಿಂತ ಕೆಳಗೆ ಬಂದ ಮೇಲೆ ತೆಗೆಯಿರಿ, ಒಂದೆರಡು ಗಂಟೆ ಬೇಕಾಗುತ್ತೆ.

ಬಿರುಕು ಬಂದರೆ ಅದರ ಆಕಾರ ನೋಡಿ ಕಾರಣ ಹೇಳಬಹುದು. ತೊಡೆಯಲ್ಲೋ ಬೆನ್ನಲ್ಲೋ ಉದ್ದಕ್ಕೆ ಕೂದಲೆಳೆಯಂಥ ಗೆರೆ ಬಂದರೆ ಬೇಗ ಆರಿದೆ, ಇಲ್ಲವೇ ಆ ಜಾಗದ ಕ್ಲೇ ತೆಳುವಾಗಿದೆ. ಅದನ್ನು ಲಿಕ್ವಿಡ್ ಕ್ಲೇಯಲ್ಲಿ ಅದೇ ಕ್ಲೇ ಕಲಸಿ ತುಂಬಿ ಮತ್ತೊಮ್ಮೆ ಬೇಯಿಸಿದರೆ ಮುಗಿಯಿತು. ಹರಡಿನಲ್ಲೋ ಮೊಣಕೈಯಲ್ಲೋ ಸುತ್ತ ಬಳೆಯ ಹಾಗೆ ಅಡ್ಡ ಗೆರೆ ಬಂದರೆ ಅದು ಕ್ಲೇಯ ದೋಷವಲ್ಲ, ಒಳಗೆ ತಂತಿ ಆಡುತ್ತಿದೆ. ತುಂಬಿದರೂ ಮತ್ತೆ ಅಲ್ಲೇ ಬಿಡುತ್ತೆ. ಅಲ್ಲಿನ ಕ್ಲೇ ಪೂರ್ತಿ ಕೆತ್ತಿ ತೆಗೆದು ತಂತಿಗೆ ಹೊಸ ಕಟ್ಟು ಹಾಕಬೇಕು. ದುಂಡಗೆ ಉಬ್ಬಿದ್ದರೆ ಒಳಗೆ ಗಾಳಿ. ಸೂಜಿಯಿಂದ ಚುಚ್ಚಿ, ಉಬ್ಬನ್ನು ಬ್ಲೇಡಿನಿಂದ ತೆಗೆದು ಮೇಲೆ ಹೊಸದಾಗಿ ಹಚ್ಚಿ.

ಬಣ್ಣಕ್ಕೆ ಅಕ್ರಿಲಿಕ್, ಮೇಲೆ ನೀರಿನಲ್ಲಿ ಕಲಸುವ ವಾರ್ನಿಷ್ ಬಳಸಿ. ಸ್ಪ್ರೇ ಡಬ್ಬದ ಪೇಂಟು, ಎಣ್ಣೆ ಎನಾಮಲ್ ಹಚ್ಚಿದರೆ ಮೈ ತಿಂಗಳುಗಟ್ಟಲೆ ಅಂಟಂಟಾಗೇ ಇರುತ್ತೆ.

ಎಸ್ಟೇಟ್ ಮಣ್ಣು, ಮೂಡಿಗೆರೆ:

ಖಡ್ಗವನ್ನು ಯಾವುದರಲ್ಲಿ ಮಾಡಬೇಕು ಅಂತ ಯಾರೂ ಹೇಳಲಿಲ್ಲ. ಅದನ್ನು ಕ್ಲೇಯಲ್ಲಿ ಮಾಡಬೇಡಿ. ಅಷ್ಟು ತೆಳ್ಳಗೆ ಉದ್ದಕ್ಕೆ ಮಾಡಿದರೆ ಬಾಗುತ್ತೆ, ದಪ್ಪ ಮಾಡಿದರೆ ಎತ್ತಿದ ಕೈಗೆ ಭಾರ. 1 ಮಿ.ಮೀ. ಅಲ್ಯೂಮಿನಿಯಂ ತಗಡಿನಲ್ಲಿ ಕತ್ತರಿಸಿ ಅಂಚು ಅರದಿಂದ ತೀಡಿ, ಹಿಡಿಯ ಕಡೆ 3 ಸೆಂ.ಮೀ. ಉದ್ದದ ಸ್ಪೋಕ್ ತುಂಡು ಒಂದನ್ನು ಬೈಂಡಿಂಗ್ ವೈರ್‌ನಿಂದ ಕಟ್ಟಿ ಎಂ-ಸೀಲ್ ಹಾಕಿ. ಮುಷ್ಟಿ ಮಾಡುವಾಗ ಅದೇ ದಪ್ಪದ ಇನ್ನೊಂದು ಸ್ಪೋಕ್ ತುಂಡಿಗೆ ಟಾಲ್ಕಂ ಪೌಡರ್ ಸವರಿ ಬೆರಳುಗಳನ್ನು ಅದರ ಸುತ್ತ ಮಡಚಿ, ತುಂಡು ಒಳಗಿರುವ ಹಾಗೇ ಬೇಯಿಸಿ. ಪೂರ್ತಿ ಆರಿದ ಮೇಲೆ ಮೆಲ್ಲಗೆ ತಿರುಗಿಸಿ ಎಳೆದರೆ ಬರುತ್ತೆ, ಅಳತೆಯ ತೂತು ಉಳಿಯುತ್ತೆ. ಖಡ್ಗ ಅದರಲ್ಲಿ ಕೂರುತ್ತೆ, ಬೇರೆ ಊರಿಗೆ ಒಯ್ಯುವಾಗ ತೆಗೆದೂ ಇಡಬಹುದು.

ಚೌರಿಯನ್ನೂ ಕ್ಲೇಯಲ್ಲಿ ಮಾಡಲು ಹೋಗಬೇಡಿ. ಬಿಳಿ ಉಣ್ಣೆ ದಾರ ಬಿಡಿಸಿ, ಬಾಚಿ, ಬಣ್ಣವೆಲ್ಲ ಒಣಗಿದ ಮೇಲೆ ಕಿರೀಟದ ಹಿಂಬದಿಗೆ ಫೆವಿಕಾಲ್‌ನಲ್ಲಿ ಅಂಟಿಸಿ. ಅದಕ್ಕೆ ಕಿರೀಟದ ಹಿಂದೆ 3 ಮಿ.ಮೀ. ಆಳದ ಒಂದು ಗಾಡಿಯನ್ನು ಹಸಿ ಇರುವಾಗಲೇ ಕೊರೆದಿಡಿ.